ಕೇಳಿದ ಮೇಲೆ ಉತ್ತರವನ್ನೂ ಕೊಡಬೇಕು

ಗ್ರಾಮಸಭೆ ಮುಗಿದು ಶಾಮಿಯಾನದವರು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುವ ಹೊತ್ತಿನಲ್ಲಿ, ಅನುಮತಿ ಪಡೆದು ನಡಾವಳಿ ಪುಸ್ತಕವನ್ನು ಓದುವುದು ನನ್ನ ಬಹುಕಾಲದ ಅಭ್ಯಾಸ. ಅದರಲ್ಲಿ ಒಂದು ವಾಕ್ಯ ಎಲ್ಲ ಊರುಗಳಲ್ಲಿಯೂ ಸಿಗುತ್ತದೆ: "ಸಭೆಯಲ್ಲಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು." ಅರ್ಧ ಗಂಟೆಯ ಹಿಂದೆ ಅದೇ ಸಭೆಯಲ್ಲಿ ಮೂರು ಜನ ಎದ್ದು ನಿಂತು ಬೀದಿದೀಪದ ಬಗ್ಗೆ ಆಕ್ಷೇಪ ಹೇಳಿದ್ದನ್ನು, ಒಬ್ಬ ಮುದುಕಿ ತನ್ನ ಪಿಂಚಣಿ ನಿಂತು ಎಷ್ಟೋ ತಿಂಗಳಾಯಿತೆಂದು ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡಿರುತ್ತೇನೆ. ಪುಸ್ತಕದಲ್ಲಿ ಆ ಮೂವರಿಲ್ಲ, ಆ ಮುದುಕಿಯೂ ಇಲ್ಲ. ಸಹಿಗಳು ಮಾತ್ರ ಎರಡು ಪುಟ ತುಂಬಿವೆ.

ಇಂದು ನಾನು ಮಾತನಾಡಬೇಕೆಂದಿರುವುದು ಈ ವಾಕ್ಯದ ಬಗ್ಗೆ. ಇಲ್ಲಿ ಸೇರಿರುವ ನಿಮ್ಮಲ್ಲಿ ಅನೇಕರು ಪಂಚಾಯಿತಿ ಸದಸ್ಯರು, ಉಳಿದವರು ಸ್ವಸಹಾಯ ಸಂಘಗಳಿಂದ ಬಂದವರು. ಕನ್ನಡದಲ್ಲಿ ಪ್ರಶ್ನೆ ಹಾಕುವುದಕ್ಕೂ 'ಕೇಳುವುದು' ಎನ್ನುತ್ತೇವೆ, ಕಿವಿಗೊಡುವುದಕ್ಕೂ 'ಕೇಳುವುದು' ಎನ್ನುತ್ತೇವೆ. ಊರವರನ್ನು ಕೇಳಿಯೇ ಕೆಲಸ ಮಾಡಿದ್ದೇವೆ ಎಂದು ಸದಸ್ಯರು ಹೇಳುವಾಗ ಮೊದಲನೆಯ ಅರ್ಥ ಅವರ ಮನಸ್ಸಿನಲ್ಲಿರುತ್ತದೆ. ನಮ್ಮ ಮಾತನ್ನು ಯಾರೂ ಕೇಳಲಿಲ್ಲ ಎಂದು ಊರವರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಎರಡನೆಯ ಅರ್ಥ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇವೆರಡರ ನಡುವೆ ಬಿಟ್ಟುಹೋಗಿರುವ ಒಂದು ಕೆಲಸವಿದೆ, ಅದು ಉತ್ತರ ಕೊಡುವುದು. ಬೇಡಿಕೆ ಈಡೇರಿದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಈಡೇರದಿದ್ದಾಗ ಏಕೆ ಆಗಲಿಲ್ಲವೆಂದು ಕೇಳಿದವರ ಎದುರಿನಲ್ಲಿಯೇ ಹೇಳುವುದು ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಅತ್ಯಂತ ಕಡಿಮೆ ನಡೆಯುವ ಕೆಲಸ.

ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಯಾರೂ ತಿಳಿಯಬಾರದು. ಊರಿನ ಮತದಾರರೆಲ್ಲ ಒಂದೆಡೆ ಸೇರಿ ತಮ್ಮ ಪಂಚಾಯಿತಿಯ ಕೆಲಸವನ್ನು ಪರಿಶೀಲಿಸಬೇಕೆಂಬ ವಿಚಾರಕ್ಕೆ ನಮ್ಮ ರಾಜ್ಯದಲ್ಲಿ ಸಂವಿಧಾನದ ತಿದ್ದುಪಡಿಗಿಂತ ಹಳೆಯ ಇತಿಹಾಸವಿದೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು 1983ರಲ್ಲಿ ತಂದ ಪಂಚಾಯಿತಿ ಶಾಸನಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ದೊರೆತದ್ದು 1985ರಲ್ಲಿ. ಅದರಡಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಚುನಾವಣೆ ನಡೆದದ್ದು 1987ರಲ್ಲಿ. ಹಳ್ಳಿ ಹಳ್ಳಿಗೂ ಕೊಳವೆಬಾವಿ ಕೊರೆಸಿ ಜನರಿಂದ 'ನೀರ್ ಸಾಬ್' ಎನಿಸಿಕೊಂಡ ಅವರ ಹೆಸರಿನಲ್ಲಿಯೇ ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಇದೆ, ನಿಮ್ಮಲ್ಲಿ ಕೆಲವರು ಅಲ್ಲಿ ತರಬೇತಿ ಪಡೆದಿರಬಹುದು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿಯ ನಂತರ ಬಂದ 1993ರ ಪಂಚಾಯತ್ ರಾಜ್ ಅಧಿನಿಯಮ ಇಂದಿಗೂ ನಮ್ಮನ್ನು ಆಳುತ್ತಿದೆ. 2015ರ ತಿದ್ದುಪಡಿಯಿಂದ ಅದರ ಹೆಸರಿಗೆ 'ಗ್ರಾಮ ಸ್ವರಾಜ್' ಎಂಬ ಮಾತು ಸೇರಿತು.

ಆ ಅಧಿನಿಯಮದಲ್ಲಿ ವಾರ್ಡ್ ಸಭೆಯ, ಅಂದರೆ ಒಂದು ವಾರ್ಡಿನ ಮತದಾರರು ಸೇರುವ ಸಭೆಯ, ಕೆಲಸಗಳನ್ನು ಹೇಳುವ ಭಾಗವನ್ನು ದಯವಿಟ್ಟು ಒಮ್ಮೆ ಮನೆಯಲ್ಲಿ ಕುಳಿತು ಓದಿ. ಬೀದಿದೀಪ ಎಲ್ಲಿರಬೇಕು, ಸಾರ್ವಜನಿಕ ನಲ್ಲಿ ಎಲ್ಲಿರಬೇಕು, ಬಾವಿ ಎಲ್ಲಿ, ಶೌಚಾಲಯ ಎಲ್ಲಿ ಎಂದು ಸೂಚಿಸುವುದು ವಾರ್ಡ್ ಸಭೆಯ ಕೆಲಸವೆಂದು ಅಲ್ಲಿ ಹೇಳಿದೆ. ವಿಧಾನಮಂಡಲವು ಬೀದಿಯ ನಲ್ಲಿಯವರೆಗೆ ಯೋಚಿಸಿ ಬರೆದಿದೆ ಎಂಬುದು ನನಗೆ ಪ್ರತಿ ಬಾರಿ ಓದಿದಾಗಲೂ ಸಂತೋಷ ಕೊಡುವ ಸಂಗತಿ. ಅದರ ಜೊತೆಗೇ, ತನ್ನ ವಾರ್ಡಿಗೆ ಸಂಬಂಧಿಸಿದಂತೆ ಪಂಚಾಯಿತಿ ತೆಗೆದುಕೊಂಡ ನಿರ್ಧಾರಕ್ಕೆ ಕಾರಣವೇನೆಂದು ತಿಳಿದುಕೊಳ್ಳುವುದೂ, ಹಿಂದಿನ ಸಭೆಯ ತೀರ್ಮಾನಗಳ ಮೇಲೆ ಏನು ಕ್ರಮವಾಯಿತೆಂದು ತಿಳಿಯುವುದೂ ಆ ಸಭೆಯ ಅಧಿಕಾರದಲ್ಲಿ ಸೇರಿವೆ. ಅಂದರೆ, ಕಾರಣ ಹೇಳುವುದು ಪಂಚಾಯಿತಿಯವರ ಸೌಜನ್ಯವಲ್ಲ; ಜನರಿಗೆ ಅದನ್ನು ಕೇಳುವ ಹಕ್ಕಿದೆ.

ಒಂದು ಊರಿನ ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮಾತಿನ ಅರ್ಥವೆಲ್ಲ ಅದರಲ್ಲಿದೆ. ಬಯಲುಸೀಮೆಯ ಒಂದು ಹಳ್ಳಿ. ಊರಿನ ಹೆಸರು ಇಲ್ಲಿ ಮುಖ್ಯವಲ್ಲ. ಅಲ್ಲಿ ನಲ್ಲಿಗಳಿಗೆ ನೀರು ಬಿಡುತ್ತಿದ್ದುದು ಬೆಳಿಗ್ಗೆ ಹತ್ತೂವರೆಗೆ. ಆ ಹೊತ್ತಿಗೆ ಕೂಲಿಗೆ ಹೋಗುವ ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ, ಮಕ್ಕಳು ಶಾಲೆಯಲ್ಲಿರುತ್ತಾರೆ. ಮನೆಯಲ್ಲಿ ಉಳಿದ ವಯಸ್ಸಾದವರು ಕೊಡ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಇಲ್ಲವೇ ಒಬ್ಬ ಹೆಣ್ಣುಮಗಳು ಆ ದಿನದ ಕೂಲಿ ಬಿಡಬೇಕು. ನೀರನ್ನು ಬೆಳಗಿನ ಆರು ಗಂಟೆಗೆ ಬಿಡಿ ಎಂದು ಮೂರು ಸಭೆಗಳಲ್ಲಿ ಬೇಡಿಕೆ ಬಂದಿತ್ತು. ಮೂರು ಬಾರಿಯೂ ನಡಾವಳಿಯಲ್ಲಿ "ಪರಿಶೀಲಿಸಲು ತೀರ್ಮಾನಿಸಲಾಯಿತು" ಎಂದು ಬರೆದಿತ್ತು. ಊರಿನಲ್ಲಿ ಬೆಳೆದ ಭಾವನೆ ಏನೆಂದರೆ, ನೀರು ಬಿಡುವ ನೀರುಗಂಟಿಗೆ ಬೇಗ ಏಳುವುದು ಇಷ್ಟವಿಲ್ಲ, ಸದಸ್ಯರು ಅವನ ಕಡೆಯವರು. ಆ ನೀರುಗಂಟಿ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುವ ಹಾಗಾಗಿತ್ತು.

ನಾಲ್ಕನೆಯ ಸಭೆಗೆ ಹೊಸದಾಗಿ ಬಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಬ್ಬರು ಒಂದು ಸರಳವಾದ ಕೆಲಸ ಮಾಡಿದರು. ನೀರುಗಂಟಿಯನ್ನೇ ಸಭೆಯ ಮುಂದೆ ನಿಲ್ಲಿಸಿ, "ಏನಪ್ಪಾ, ಆರು ಗಂಟೆಗೆ ಯಾಕೆ ಬಿಡೋಕಾಗಲ್ಲ, ನೀನೇ ಹೇಳು" ಎಂದರು. ಅವನು ಹೇಳಿದ: ಮೂರು ಫೇಸ್ ಕರೆಂಟು ನಮ್ಮ ಲೈನಿಗೆ ಬರುವುದು ರಾತ್ರಿ ಕೆಲವು ಗಂಟೆ, ಮತ್ತೆ ಬೆಳಿಗ್ಗೆ ಹತ್ತರ ನಂತರ. ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಬಿರುಕು ಬಿಟ್ಟಿದೆ, ರಾತ್ರಿ ತುಂಬಿಸಿದರೆ ಬೆಳಗಾಗುವುದರೊಳಗೆ ಅರ್ಧ ಸೋರಿಹೋಗುತ್ತದೆ. ಆದ್ದರಿಂದ ಕರೆಂಟು ಬಂದ ಮೇಲೆ ಮೋಟಾರಿನಿಂದ ನೇರವಾಗಿ ಪೈಪಿಗೆ ಬಿಡುತ್ತೇನೆ. ಸಭೆ ಒಂದು ಕ್ಷಣ ಸುಮ್ಮನಾಯಿತು. ಹಿಂದೆ ಕುಳಿತಿದ್ದ ಒಬ್ಬ ಗಾರೆ ಕೆಲಸದವರು ಎದ್ದು, ಆ ಬಿರುಕನ್ನು ನಾನು ನೋಡಿದ್ದೇನೆ, ಟ್ಯಾಂಕನ್ನು ಎರಡು ದಿನ ಖಾಲಿ ಬಿಟ್ಟುಕೊಟ್ಟರೆ ಮುಚ್ಚಬಹುದು ಎಂದರು. ಎರಡು ದಿನ ನೀರಿಲ್ಲದೆ ಹೇಗೆ ಎಂಬ ಪ್ರಶ್ನೆ ಬಂದಾಗ, ತೋಟದಲ್ಲಿ ಕೊಳವೆಬಾವಿ ಇದ್ದ ಇಬ್ಬರು ಅಲ್ಲಿಂದ ತುಂಬಿಕೊಳ್ಳಿ ಎಂದು ಒಪ್ಪಿದರು. ಹದಿನೈದು ದಿನಗಳಲ್ಲಿ ನೀರು ಬೆಳಿಗ್ಗೆ ಆರಕ್ಕೆ ಬರತೊಡಗಿತು.

ಗಮನಿಸಿ, ಇಲ್ಲಿ ಹೊಸ ಯೋಜನೆಯಿಲ್ಲ, ದೊಡ್ಡ ಅನುದಾನವಿಲ್ಲ. ಮೊದಲ ಮೂರು ಸಭೆಗಳಲ್ಲಿಯೂ ಜನರನ್ನು ಕೇಳಲಾಗಿತ್ತು, ಅವರ ಮಾತು ದಾಖಲಾಗಿಯೂ ಇತ್ತು. ಇಲ್ಲದ್ದು ಕಾರಣ ಮಾತ್ರ. ಕಾರಣ ತಿಳಿಯದವನಿಗೆ ದೂರುವುದೊಂದೇ ದಾರಿ. ಕಾರಣ ತಿಳಿದ ಕೂಡಲೇ ಅದೇ ಮನುಷ್ಯ ಪರಿಹಾರ ಯೋಚಿಸುತ್ತಾನೆ. ಆ ಗಾರೆ ಕೆಲಸದವರು ಹಿಂದಿನ ಮೂರು ಸಭೆಗಳಿಗೂ ಬಂದಿದ್ದರು. ಅವರಿಗೆ ತಿಳಿದಿದ್ದ ವಿಷಯ ಬೇಕಾಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇದು ಹೀಗಾಗುವುದಕ್ಕೆ ಮುಖ್ಯ ಕಾರಣ, ಸಭೆಗಳ ಕ್ರಮ ತಲೆಕೆಳಗಾಗಿರುವುದು. ಕಾನೂನಿನ ಆಶಯದಂತೆ ಮೊದಲು ಜನವಸತಿ ಮತ್ತು ವಾರ್ಡ್ ಮಟ್ಟದಲ್ಲಿ ಜನ ಸೇರಬೇಕು, ಅಲ್ಲಿ ಬಂದ ಬೇಡಿಕೆಗಳು ಆದ್ಯತೆಯ ಕ್ರಮದಲ್ಲಿ ಗ್ರಾಮಸಭೆಗೆ ಬರಬೇಕು, ಅಲ್ಲಿಂದ ವರ್ಷದ ಕಾಮಗಾರಿಗಳ ಕ್ರಿಯಾಯೋಜನೆ ಹುಟ್ಟಬೇಕು. ಅನೇಕ ಕಡೆ ಕ್ರಿಯಾಯೋಜನೆ ಮೊದಲೇ ಸಿದ್ಧವಾಗಿ, ಅದನ್ನು ಓದಿ ಹೇಳುವುದಕ್ಕೆ ಗ್ರಾಮಸಭೆ ಸೇರುತ್ತದೆ. ವಾರ್ಡ್ ಸಭೆಗಳು ನಡೆದಂತೆ ಒಂದೇ ದಿನದಲ್ಲಿ ದಾಖಲೆಗಳಾಗುತ್ತವೆ. ಇದನ್ನು ಹೇಳುವಾಗ ನಾನು ಸದಸ್ಯರನ್ನು ಮಾತ್ರ ದೂರುತ್ತಿಲ್ಲ. ಮೇಲಿನಿಂದ ಇಂಥ ದಿನಾಂಕದೊಳಗೆ ಯೋಜನೆಯನ್ನು ತಂತ್ರಾಂಶಕ್ಕೆ ಏರಿಸಿ ಎಂಬ ಆದೇಶ ಬಂದಾಗ, ಒಬ್ಬ ಪಿಡಿಒ, ಒಬ್ಬ ಡೇಟಾ ಎಂಟ್ರಿ ಆಪರೇಟರ್ ಇರುವ ಕಚೇರಿ ಹತ್ತು ಹದಿನೈದು ಹಳ್ಳಿಗಳ ಜನರನ್ನು ಕೂಡಿಸುವುದು ಎಲ್ಲಿಂದ? ಆ ಒತ್ತಡ ನಿಜ. ಆದರೂ ವಾರ್ಡ್ ಸಭೆಯನ್ನು ಬಿಟ್ಟು ಉಳಿಸಿದ ಒಂದು ವಾರ, ಮುಂದಿನ ಐದು ವರ್ಷಗಳ ತಕರಾರಾಗಿ ಮರಳಿ ಬರುವುದನ್ನು ನೀವೆಲ್ಲ ಕಂಡಿದ್ದೀರಿ.

ಇನ್ನು ಸಭೆಗೆ ಯಾರು ಬರುತ್ತಾರೆ, ಬಂದವರಲ್ಲಿ ಯಾರು ಬಾಯಿ ತೆರೆಯುತ್ತಾರೆ ಎಂಬ ವಿಷಯ. ಬಂದವರಲ್ಲಿ ಶೇ. 30ಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ತಮ್ಮ ಜನಸಂಖ್ಯೆಗೆ ತಕ್ಕಂತೆ ಇರಬೇಕು ಎಂದು ಅಧಿನಿಯಮ ಹೇಳುತ್ತದೆ. ಸಭೆಯನ್ನು ನಾಟಿಯ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಈ ಅಂಕಿ ಸಹಿಯಲ್ಲಿ ಸಿಗಬಹುದು, ಮನುಷ್ಯರಲ್ಲಿ ಸಿಗುವುದಿಲ್ಲ. ನಾನು ಕಂಡ ಒಂದು ವಾರ್ಡ್ ಸಭೆಯಲ್ಲಿ ಹೊಸ ನಲ್ಲಿಯ ಜಾಗ ಗೊತ್ತುಮಾಡುವಾಗ ಗಂಡಸರೆಲ್ಲ ಒಂದು ದೊಡ್ಡ ಮನೆಯ ಜಗುಲಿಯ ಪಕ್ಕವನ್ನು ತೋರಿಸಿದರು. ಅಲ್ಲಿ ನೆಲ ಎತ್ತರವಿತ್ತು, ಕೆಸರಾಗುವುದಿಲ್ಲ, ಪೈಪೂ ಹತ್ತಿರ. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಗೋಡೆಗೆ ಒರಗಿ ನಿಂತಿದ್ದ ಒಬ್ಬ ತಾಯಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಏನೋ ಹೇಳಿದರು. ಕಾರ್ಯಕರ್ತೆ ಅದನ್ನು ಸಭೆಗೆ ಹೇಳಿದರು: "ಆ ಜಗುಲಿ ಮುಂದೆ ನಮ್ಮ ಕೇರಿಯೋರು ಕೊಡ ಇಟ್ಕೊಂಡು ನಿಂತ್ಕೊಳ್ಳೋಕೆ ಆಗಲ್ಲ ಅಂತಾರೆ." ಇಷ್ಟೇ ಮಾತು. ಅದಕ್ಕೆ ವಿವರಣೆ ಬೇಕಾಗಲಿಲ್ಲ, ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ನಲ್ಲಿಯ ಜಾಗ ಬೇರೆಯಾಯಿತು. ಯಾವ ಎಂಜಿನಿಯರೂ ತನ್ನ ನಕ್ಷೆಯಲ್ಲಿ ಗುರುತು ಮಾಡಲಾಗದ ಸಂಗತಿಯದು. ಆ ತಾಯಿಯ ಪಕ್ಕದಲ್ಲಿ ತನ್ನವರೆನ್ನುವ ಒಬ್ಬ ಹೆಂಗಸು ಇಲ್ಲದಿದ್ದರೆ, ಆ ಮಾತು ಹೊರಗೆ ಬರುತ್ತಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಮಹಿಳಾ ಗ್ರಾಮಸಭೆಯನ್ನು ಬೇರೆಯಾಗಿ ನಡೆಸುವ ಪದ್ಧತಿ ಬಂದದ್ದು ಇಂಥ ಅನುಭವಗಳಿಂದ.

ಮಕ್ಕಳ ಗ್ರಾಮಸಭೆಯ ಬಗ್ಗೆಯೂ ಒಂದೆರಡು ಮಾತು ಹೇಳುವುದು ನನ್ನ ಕರ್ತವ್ಯ, ಏಕೆಂದರೆ ಅದು ಕರ್ನಾಟಕ ಹೆಮ್ಮೆಪಡಬೇಕಾದ ವಿಷಯ. ಕುಂದಾಪುರ ಸೀಮೆಯ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿಗಳ ಪ್ರಯೋಗ ನಡೆದು, 2006ರಲ್ಲಿ ರಾಜ್ಯ ಸರ್ಕಾರವೇ ಮಕ್ಕಳ ಗ್ರಾಮಸಭೆ ನಡೆಸುವಂತೆ ಸೂಚಿಸಿತು. ಮಕ್ಕಳು ಕೇಳುವುದು ಬಹಳ ಖಚಿತವಾಗಿರುತ್ತದೆ. ಕರಾವಳಿ, ಮಲೆನಾಡಿನ ಮಕ್ಕಳಾದರೆ ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕದ ಮಾತೆತ್ತುತ್ತಾರೆ. ಬಯಲಿನ ಮಕ್ಕಳಾದರೆ ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಲಿಸುವುದಿಲ್ಲ, ಶಾಲೆಯ ದಾರಿಯಲ್ಲಿ ಸಾರಾಯಿ ಮಾರುತ್ತಾರೆ ಎನ್ನುತ್ತಾರೆ. ದೊಡ್ಡವರ ಸಭೆಯಲ್ಲಿ ಈ ಕೊನೆಯ ಮಾತನ್ನು ಆಡಲು ಯಾರಿಗೂ ಧೈರ್ಯವಿರುವುದಿಲ್ಲ. ಆದರೆ ಮಕ್ಕಳಿಗೆ ಉತ್ತರ ಕೊಡದೆ ಹೋದರೆ ಆಗುವ ನಷ್ಟವೂ ದೊಡ್ಡದು. ಎರಡು ವರ್ಷ ಒಂದೇ ಬೇಡಿಕೆಯನ್ನು ಓದಿದ ಏಳನೆಯ ತರಗತಿಯ ಹುಡುಗಿಯೊಬ್ಬಳು ಮೂರನೆಯ ವರ್ಷ ಚೀಟಿ ಬರೆಯಲು ನಿರಾಕರಿಸಿದ್ದನ್ನು ನಾನು ನೋಡಿದ್ದೇನೆ. "ಬರೆದರೆ ಏನಾಗುತ್ತೆ ಸಾರ್" ಎಂದಳು. ಹದಿಮೂರು ವರ್ಷಕ್ಕೇ ಅವಳಿಗೆ ಆ ಪಾಠವನ್ನು ನಾವು ಕಲಿಸಿದ್ದೆವು, ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

ನಗರಗಳಿಂದ ಬಂದಿರುವ ಸ್ನೇಹಿತರು ಇವೆಲ್ಲ ಹಳ್ಳಿಯ ಮಾತು ಎಂದುಕೊಳ್ಳುತ್ತಿರಬಹುದು. ಈ ವಿಷಯದಲ್ಲಿ ನಗರವಾಸಿಯ ಸ್ಥಿತಿ ಹಳ್ಳಿಯವನಿಗಿಂತ ಕೆಳಗಿದೆ. ಹಳ್ಳಿಯಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು; ಯಾರೂ ನೇಮಿಸಬೇಕಾಗಿಲ್ಲ, ಯಾರೂ ತೆಗೆದುಹಾಕಲಾರರು. 74ನೇ ತಿದ್ದುಪಡಿ ನಗರಗಳಿಗೆ ಕೊಟ್ಟಿರುವುದು, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಕಡೆ ವಾರ್ಡ್ ಸಮಿತಿಗಳನ್ನು ಮಾತ್ರ. ನಮ್ಮ ಪಾಲಿಕೆಗಳ ಕಾನೂನಿನಲ್ಲಿ ಈ ಸಮಿತಿಗೆ ವಾರ್ಡಿನ ಸದಸ್ಯರೇ ಅಧ್ಯಕ್ಷರು, ಹತ್ತು ಜನ ನಾಮನಿರ್ದೇಶಿತರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳವರು. ಸಾವಿರಾರು ಮನೆಗಳ ಒಂದು ವಾರ್ಡಿಗೆ ಹತ್ತು ಜನ. ನಿವಾಸಿಗಳ ಸಂಘವಿರುವುದು ಬಡಾವಣೆಗಳಲ್ಲಿ, ಕೊಳೆಗೇರಿಯಲ್ಲಿ ಅಂಥ ಸಂಘ ಅಪರೂಪ ಎಂಬುದನ್ನೂ ಸೇರಿಸಿ ಯೋಚಿಸಿ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ ವಿಂಗಡಣೆಯಾಗುವವರೆಗೆ ಐದು ವರ್ಷ ಚುನಾಯಿತ ಸದಸ್ಯರೇ ಇರಲಿಲ್ಲ. ಕಸದ ಗಾಡಿ ಎಷ್ಟು ಹೊತ್ತಿಗೆ ಬರಬೇಕು ಎಂಬುದನ್ನು ಕೇಳಲು ಒಂದು ಕೋಟಿಗೂ ಮೀರಿದ ಜನಕ್ಕೆ ತಮ್ಮ ವಾರ್ಡಿನ ಪ್ರತಿನಿಧಿಯಿಲ್ಲದ ಸ್ಥಿತಿ ಅದು. ಸದಸ್ಯರೇ ಇಲ್ಲದಿದ್ದಾಗ ಸಮಿತಿಗಳು ಎಷ್ಟು ಸಭೆ ಸೇರಿದರೂ, ಉತ್ತರ ಕೊಡಬೇಕಾದ ಕುರ್ಚಿ ಖಾಲಿಯಾಗಿಯೇ ಇರುತ್ತದೆ.

ಹೊರಗಿನ ಎರಡು ಉದಾಹರಣೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನೆರೆಯ ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ ಆರಂಭವಾದಾಗ ರಾಜ್ಯದ ಯೋಜನಾ ಹಣದಲ್ಲಿ ಶೇ. 35ರಿಂದ 40 ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಹಣ ಮೊದಲು ಬಂತು, ಆಮೇಲೆ ಜನರನ್ನು ಕರೆದರು. ಸಭೆಗೆ ಬಂದವರನ್ನು ಕೃಷಿ, ನೀರು, ಶಿಕ್ಷಣ ಹೀಗೆ ವಿಷಯಕ್ಕೊಂದು ಗುಂಪಾಗಿ ಕೂರಿಸಿದ್ದರಿಂದ, ಐನೂರು ಜನರೆದುರು ಮಾತನಾಡಲಾರದವರು ಇಪ್ಪತ್ತು ಜನರ ನಡುವೆ ಮಾತನಾಡಿದರು. ಇನ್ನೊಂದು, ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರ. ಅಲ್ಲಿ 1989ರಿಂದ ನಗರಸಭೆಯ ಬಜೆಟ್ಟನ್ನು ಬಡಾವಣೆಗಳ ಸಭೆಗಳಲ್ಲಿ ಜನರೇ ಚರ್ಚಿಸಿ ಆದ್ಯತೆ ಗೊತ್ತುಮಾಡುವ ಪದ್ಧತಿ ಬಂತು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು, ವರ್ಷದ ಮೊದಲ ಸುತ್ತಿನ ಸಭೆಯಲ್ಲಿ ನಗರಾಡಳಿತ ಹಿಂದಿನ ವರ್ಷದ ಲೆಕ್ಕ ಒಪ್ಪಿಸುತ್ತಿತ್ತು ಎಂಬುದು. ಕಳೆದ ಬಾರಿ ನೀವು ಕೇಳಿದ್ದರಲ್ಲಿ ಇಷ್ಟಾಯಿತು, ಇಷ್ಟಾಗಲಿಲ್ಲ ಎಂದ ಮೇಲೆ ಹೊಸ ಬೇಡಿಕೆ. ಆಡಳಿತ ಬದಲಾಗಿ ಆಸಕ್ತಿ ತಗ್ಗುತ್ತಾ ಬಂದು 2017ರಲ್ಲಿ ಆ ಪದ್ಧತಿ ಅಲ್ಲಿ ನಿಂತಿತು. ಜನ ಬಯಸಿ ಬೆಳೆಸಿದ ಪದ್ಧತಿಯೂ ಕುರ್ಚಿಯಲ್ಲಿರುವವರ ಮನಸ್ಸಿಲ್ಲದಿದ್ದರೆ ಉಳಿಯುವುದಿಲ್ಲ.

ಮಧ್ಯೆ ಒಬ್ಬ ಸದಸ್ಯರು ಚೀಟಿ ಕಳಿಸಿದ್ದಾರೆ: "ಅನುದಾನವೇ ಇಲ್ಲದಾಗ ಕೇಳಿ ಏನು ಪ್ರಯೋಜನ? ಕೇಳಿದರೆ ಆಸೆ ಹುಟ್ಟಿಸಿದಂತಾಗುತ್ತದೆ." ಇದು ಪ್ರಾಮಾಣಿಕವಾದ ಪ್ರಶ್ನೆ. 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. 2021-22ರಿಂದ 2025-26ರವರೆಗೆ ಅದರಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂದು ಕಟ್ಟಿಹಾಕಲಾಯಿತು; ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ನೀವು ನಿರ್ಧರಿಸಬಹುದಾಗಿದ್ದುದು ಉಳಿದ ಶೇ. 40. ಅದರಲ್ಲಿಯೂ ಸಂಬಳಕ್ಕೆ ಬಳಸುವಂತಿರಲಿಲ್ಲ. ನನ್ನ ಉತ್ತರವೇನೆಂದರೆ, ಇಂಥ ಲೆಕ್ಕವನ್ನು ಸಭೆಯ ಆರಂಭದಲ್ಲಿಯೇ ಕಪ್ಪುಹಲಗೆಯ ಮೇಲೆ ಬರೆಯಿರಿ. ಬಂದದ್ದು ಇಷ್ಟು, ಮೊದಲೇ ಗೊತ್ತಾದ ಖರ್ಚು ಇಷ್ಟು, ನಾವು ನೀವು ಸೇರಿ ತೀರ್ಮಾನಿಸಬಹುದಾದದ್ದು ಇಷ್ಟು. ಮನೆ ನಡೆಸುವ ಹೆಂಗಸರಿಗೆ ಕಡಿಮೆ ಹಣದಲ್ಲಿ ಯಾವುದು ಮೊದಲು ಎಂದು ತೂಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮೊತ್ತವನ್ನು ಮುಚ್ಚಿಟ್ಟು ಏನು ಬೇಕು ಎಂದು ಕೇಳಿದಾಗ ಬೇಡಿಕೆ ಬೆಟ್ಟದಷ್ಟಾಗುತ್ತದೆ. ಮೊತ್ತ ಹೇಳಿ ಕೇಳಿದಾಗ ಜನರೇ ಒಂದೊಂದನ್ನಾಗಿ ಮುಂದಿನ ವರ್ಷಕ್ಕೆ ಬಿಡುತ್ತಾರೆ. ಹೆಚ್ಚಿನ ಹಣವೇ ಬೇಡದ ನಿರ್ಧಾರಗಳೂ ಎಷ್ಟೋ ಇವೆ: ನೀರು ಬಿಡುವ ಹೊತ್ತು, ಕಸದ ಗಾಡಿ ತಿರುಗುವ ದಾರಿ, ಗ್ರಂಥಾಲಯ ತೆರೆದಿರುವ ಸಮಯ, ಸಭೆಯನ್ನೇ ಸಂಜೆ ಕರೆಯುವುದು.

ಕೊನೆಗೆ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಜನರ ಮುಂದಿಡಬೇಕೆಂಬ ನಿಯಮ ನಮ್ಮಲ್ಲಿದೆ. ಪೋರ್ಟೊ ಅಲೆಗ್ರೆಯವರು ಮಾಡುತ್ತಿದ್ದ ಲೆಕ್ಕ ಒಪ್ಪಿಸುವ ಕೆಲಸಕ್ಕೆ ನಮ್ಮ ಕೈಯಲ್ಲಿ ಆಗಲೇ ಇರುವ ಸಾಧನವಿದು. ಅದಕ್ಕೆ ಒಂದೇ ಒಂದು ಹಾಳೆಯನ್ನು ಸೇರಿಸಿ ಎಂದು ನಾನು ಹೋದಲ್ಲೆಲ್ಲ ಕೇಳಿಕೊಳ್ಳುತ್ತೇನೆ. ಕಳೆದ ವರ್ಷದ ಸಭೆಗಳಲ್ಲಿ ಬಂದ ಬೇಡಿಕೆಗಳಲ್ಲಿ ಆಗದೆ ಉಳಿದವು ಯಾವುವು, ಪ್ರತಿಯೊಂದರ ಎದುರು ಕಾರಣ ಏನು, ಮುಂದೆ ಯಾರು ಏನು ಮಾಡುತ್ತಾರೆ.

ಆ ನೀರಿನ ಊರಿನ ಪಂಚಾಯಿತಿಯಲ್ಲಿ ಈಗ ಈ ಹಾಳೆಯನ್ನು ಕಚೇರಿಯ ಹೊರಗೋಡೆಗೆ ಅಂಟಿಸುತ್ತಾರೆ. ಕಳೆದ ಬಾರಿ ನಾನು ಹೋದಾಗ ಅದರಲ್ಲಿ ಹನ್ನೊಂದು ಸಾಲುಗಳಿದ್ದವು. ಆರನೆಯ ಸಾಲು ಸ್ಮಶಾನದ ದಾರಿ. ಎದುರಿನಲ್ಲಿ "ಖಾಸಗಿ ಜಮೀನು ಅಡ್ಡ ಇದೆ, ತಹಶೀಲ್ದಾರರಿಗೆ ಪತ್ರ ಬರೆದಿದೆ, ಉತ್ತರ ಬಂದಿಲ್ಲ" ಎಂದಿತ್ತು. ಅದರ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದರು: "ಜಮೀನಿನವರ ಜೊತೆ ನಾವು ಮಾತಾಡ್ತೀವಿ, ಭಾನುವಾರ ಬನ್ನಿ."